ಎರಡನೆಯ ಒಲೆ

ಅರ್ಫಾತ್ ಸೊರಬದಿಂದ ಬರುತ್ತಾನೆಂದು ಫೋನ್ ಬಂತೆಂದರೆ ಸಫೂರಾ ಮನೆ ಬಿಟ್ಟು ಹೊರಡಬೇಕಾಗಿತ್ತು. ಹೋಗುವುದು ದೂರವೇನಲ್ಲ, ಎದುರು ಸಾಲಿನ ಬಸವಣ್ಣೆಮ್ಮನ ಮನೆಯ ಕಟ್ಟೆಗೆ. ಅಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತು, ದಿಂಬಿನ ಚೀಲವೊಂದನ್ನು ಹೊಲಿಯುತ್ತ, ಅವನ ಬೈಕು ಮತ್ತೆ ಶಿರಾಳಕೊಪ್ಪದ ರಸ್ತೆ ಹಿಡಿಯುವವರೆಗೆ ಕಾಯುವುದು. ಬಸವಣ್ಣೆಮ್ಮ ಒಳ್ಳೆಯ ಹೆಂಗಸು. ಚಹಾ ಕೊಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಹೇಳುವುದಕ್ಕೆ ಸಫೂರಾಳ ಹತ್ತಿರ ಏನೂ ಇರಲಿಲ್ಲ. ಎದುರಿನ ಮನೆಯಲ್ಲಿ ತನ್ನ ಗಂಡನಾಗಿದ್ದವನು ಊಟಕ್ಕೆ ಕೂತಿದ್ದಾನೆ, ಅವನ ತಟ್ಟೆಯಲ್ಲಿರುವ ಸಾರು ಬೆಳಿಗ್ಗೆ ತಾನೇ ಮಾಡಿಟ್ಟು ಬಂದದ್ದು. ಇದನ್ನು ಅವಳು ಬೇರೆ ಯಾರದೋ ವಿಷಯದ ಹಾಗೆ ಒಮ್ಮೆ ನೆನೆಯುತ್ತಿದ್ದಳು, ಆಮೇಲೆ ದಾರ ಕಡಿಯುತ್ತಿದ್ದಳು.

ಮಾವ ಗುಲಾಬ್ ಸಾಬರದು ಶಿಕಾರಿಪುರದ ಪೇಟೆಯಲ್ಲಿ ಗಾದಿ ಅಂಗಡಿ. ಅವರ ತಂದೆ ಬಿಲ್ಲು ಹೊತ್ತು ಹಳ್ಳಿಹಳ್ಳಿ ತಿರುಗಿ ಹತ್ತಿ ಹಿಂಜಿದವರು. ಗುಲಾಬ್ ಸಾಬರ ಕಾಲಕ್ಕೆ ಮೋಟರಿನ ಯಂತ್ರ ಬಂತು, ಊರ ಅಂಚಿನ ಬಡಾವಣೆಯಲ್ಲಿ ಒಂದು ಸೈಟು ಬಂತು, ಸೈಟಿನಲ್ಲಿ ಮನೆ, ಮನೆಯ ಹಿಂದೆ ಅರಳೆ ಮೂಟೆ ಒಟ್ಟಲು ಒಂದು ಶೀಟಿನ ಕೊಠಡಿ. ಸಫೂರಾ ಸೊಸೆಯಾಗಿ ಬಂದ ವರ್ಷವೇ ದಬ್ಬಣ ಹಿಡಿದಳು. ಗಾದಿಯ ಅಂಚು ಕಟ್ಟುವುದರಲ್ಲಿ ಅತ್ತೆ ಕುಬ್ರಾ ಬೀಗಿಂತ ಅವಳ ಕೈ ಚುರುಕು ಎಂದು ಮಾವ ಗಿರಾಕಿಗಳ ಎದುರೇ ಹೇಳುತ್ತಿದ್ದರು.

ವ್ಯಾಪಾರ ಬೆಳೆಯಲಿ ಎಂದು ಮಗನಿಗೆ ಸೊರಬದ ಬಸ್ ನಿಲ್ದಾಣದ ಹತ್ತಿರ ಇನ್ನೊಂದು ಅಂಗಡಿ ಇಟ್ಟುಕೊಟ್ಟರು. ಮೊದಮೊದಲು ಅರ್ಫಾತ್ ದಿನವೂ ಹೋಗಿಬರುತ್ತಿದ್ದ. ಆಮೇಲೆ ಅಲ್ಲೇ ಉಳಿಯತೊಡಗಿದ. ಒಂದು ಮಧ್ಯಾಹ್ನ ಮನೆಗೆ ಬಂದವನು, ಅಂಗಡಿಯ ಪಕ್ಕದ ಮನೆಯ ಜಾಸ್ಮಿನ್ ಎಂಬ ಹುಡುಗಿಯನ್ನು ಮದುವೆಯಾಗುವುದೆಂದು ತೀರ್ಮಾನವಾಗಿದೆ ಎಂದ. ಸಫೂರಾ ರೊಟ್ಟಿ ಬೇಯಿಸುತ್ತಿದ್ದಳು.

"ನಿಂದೇನೂ ತಪ್ಪಿಲ್ಲ" ಎಂದ ಅವನು.

ರೊಟ್ಟಿ ಸೀಯುತ್ತಿತ್ತು. ಅವಳು ಅದನ್ನು ತಿರುವಿ ಹಾಕಿದಳು. ಜಗಳವಾಗಲಿಲ್ಲ. ಮಕ್ಕಳಾಗಲಿಲ್ಲವಲ್ಲ, ಅದಕ್ಕೇ ಇರಬೇಕು ಎಂದು ಕೇರಿಯವರು ಅಂದುಕೊಂಡರು. ಅರ್ಫಾತ್ ಆ ಮಾತನ್ನೂ ಆಡಲಿಲ್ಲ. ಜಮಾತಿನ ಹಿರಿಯರ ಮುಂದೆ ಒಮ್ಮೆ, ವಕೀಲರ ಮುಂದೆ ಒಮ್ಮೆ ಕೂತರು. ಬಿಡುಗಡೆ ಆಯಿತು. ಸಫೂರಾ ಅಳುತ್ತಾಳೆಂದು ಎಲ್ಲರೂ ಕಾದರು. ಅಳದೇ ಹೋದಾಗ ಸೊಕ್ಕು ಎಂದರು. ಸೊಕ್ಕಲ್ಲ, ಧೈರ್ಯವೂ ಅಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ತನ್ನದಲ್ಲ ಅನ್ನಿಸುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಿತ್ತು.

ಉಳವಿಯಿಂದ ಅಣ್ಣ ಸುಹೇಲ್ ಕರೆದೊಯ್ಯಲು ಬಂದ. ಅವನದೇ ಎರಡು ಕೋಣೆಯ ಮನೆ, ಹೆಂಡತಿ, ಮೂರು ಮಕ್ಕಳು. ಆದರೂ ಬಂದ. ಸಫೂರಾ ಬಟ್ಟೆ ತುಂಬಿ ಚೀಲವನ್ನು ಬಾಗಿಲ ಹತ್ತಿರ ಇಟ್ಟಳು. ಕುಬ್ರಾ ಬೀ ಆ ಚೀಲದ ಮುಂದೆ ಬಂದು ನಿಂತಳು.

"ಹೋದೋನು ನನ್ನ ಮಗ. ಅವನು ಹೋಗ್ಲಿ. ಇವಳ್ಯಾಕೆ ಹೋಗ್ಬೇಕು? ಈ ಮನ್ಯಾಗ ಏನು ತಪ್ಪು ಮಾಡ್ಯಾಳೆ?"

"ಹಂಗಲ್ಲ ಅತ್ತಿ, ಜನ ಏನಂತಾರೆ..." ಸುಹೇಲ್ ತಡವರಿಸಿದ.

"ಜನ ಬಂದು ಗಾದಿ ಹೊಲೀತಾರೇನು?"

ಸಫೂರಾಳನ್ನು ಯಾರೂ ಕೇಳಲಿಲ್ಲ. ಅವಳು ಬಟ್ಟೆಗಳನ್ನು ಮತ್ತೆ ತೆಗೆದು ಬೀರುವಿನಲ್ಲಿಟ್ಟಳು.

ಕಟ್ಟೆಯ ಮೇಲೆ ಕೂರುವ ಪಾಡು ಬಂದದ್ದು ಅನಂತರ. ಜಮಾತಿನ ಹಿರಿಯರೊಬ್ಬರು ಗುಲಾಬ್ ಸಾಬರನ್ನು ಪಕ್ಕಕ್ಕೆ ಕರೆದು, ಬೇಸರ ಮಾಡಿಕೊಳ್ಳಬೇಡಿ ಎನ್ನುತ್ತಲೇ ಹೇಳಿದರು. "ಬಿಡುಗಡೆ ಆದ್ರೂ ಮಾವ ಮಾವನೇ. ನಿಮ್ಮ ಆಶ್ರಯದಾಗ ಆಕೆ ಇರೋದಕ್ಕೆ ಯಾರದೂ ತಕರಾರಿಲ್ಲ. ಆದ್ರೆ ಹುಡುಗ ಈಗ ಆಕೀಗೆ ಪರಪುರುಷ. ಅವನು ಬಂದಾಗ ಇಬ್ರೂ ಒಂದೇ ಸೂರಿನಡಿ ಇರಬಾರದು. ಆಕೀಗೊಂದು ಬೇರೆ ಬಾಗಲು, ಬೇರೆ ಒಲಿ ಮಾಡಿಕೊಡ್ರಿ. ಆಗ ಮಾತೇ ಇಲ್ಲ."

ಗುಲಾಬ್ ಸಾಬರಿಗೆ ಮಾತು ಹಿಡಿಸಿತು. ಅರಳೆ ಮೂಟೆಗಳನ್ನು ಅಂಗಡಿಯ ಅಟ್ಟಕ್ಕೆ ಸಾಗಿಸಿದರು. ಶೀಟು ಬಿಚ್ಚಿಸಿ, ಹಳೆಯ ಕೊಠಡಿ ಕೆಡವಿ ಹೊಸ ಗೋಡೆ ಎಬ್ಬಿಸಲು ಗಾರೆಯವನನ್ನು ಕರೆಸಿದರು. ಒಂದು ಕೋಣೆ, ಪಕ್ಕದಲ್ಲಿ ಅಡುಗೆಗೆ ಒಂದಿಷ್ಟು ಜಾಗ, ಹಿಂದೆ ಬಚ್ಚಲು. ಬಾಗಿಲು ಪಕ್ಕದ ಓಣಿಗೆ. "ನಿಂಗೆ ಒಲೀಕಟ್ಟಿ ಯಾವ ಕಡಿ ಬೇಕವ್ವ?" ಎಂದು ಕೇಳಿದರು. ಸಫೂರಾ "ಎಲ್ಲಾದ್ರೂ ಇರ್ಲಿ ಮಾವ" ಎಂದಳು. ಅವರ ಮುಖ ಸಪ್ಪಗಾದದ್ದು ಕಂಡಿತು. ಯಾವುದಾದರೂ ಒಂದು ಕಡೆ ಬೆರಳು ತೋರಿಸಬಹುದಿತ್ತಲ್ಲ ಎಂದು ಅವಳಿಗೆ ಅನ್ನಿಸಿದ್ದು ಸಂಜೆ ಪಾತ್ರೆ ತೊಳೆಯುವಾಗ.

ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಪುರಸಭೆಯ ಇಂಜಿನಿಯರ್ ಲೋಕೇಶ ಬೈಕು ನಿಲ್ಲಿಸಿ ಒಳಗೆ ಬಂದ. ಪಕ್ಕದ ಮನೆಯವರು ದೂರು ಕೊಟ್ಟಿದ್ದರು. ಲೋಕೇಶ ಕೂಗಾಡುವವನಲ್ಲ. ಟೇಪು ಹಿಡಿದು ಹಿಂದಿನ ಕಾಂಪೌಂಡಿನಿಂದ ಅಳೆದ, ಸಿಮೆಂಟಿನ ಕಟ್ಟೆ ನೋಡಿದ.

"ಇದೇನ್ರಿ ಸಾಬ್ರೆ?"

"ಒಲೀಕಟ್ಟಿ ರೀ."

"ಇದೇ ತೊಂದ್ರೆ ನೋಡ್ರಿ. ಕೋಣೆ ಕಟ್ಕಳ್ಳಿ, ಬಚ್ಚಲು ಕಟ್ಕಳ್ಳಿ, ಯಾರೂ ಕೇಳಲ್ಲ. ಒಲೆ ಬಂತಂದ್ರೆ ಅದು ಇನ್ನೊಂದು ಮನೆ ಆಗ್ತದೆ. ಈ ಬಡಾವಣೆಗೆ ಒಂದು ಸೈಟಿಗೆ ಒಂದೇ ಮನೆ ಅಂತ ಐತೆ."

"ಒಲಿ ಇಲ್ದಿದ್ರೆ ಬೇರೆ ಮನಿ ಹೆಂಗಾಗ್ತತಿ ಸಾಹೇಬ್ರೆ? ನಮಗೆ ಬೇರೆ ಮನೀನೇ ಆಗ್ಬೇಕು."

ಲೋಕೇಶ ತಲೆ ಕೆರೆದುಕೊಂಡ. ಎಲ್ಲರೂ ಇದು ಬೇರೆ ಮನೆಯಲ್ಲ ಎಂದು ಸಾಧಿಸುವವರೇ. ಬೇರೆ ಮನೆಯೇ ಬೇಕು ಎಂದು ಒಪ್ಪಿಕೊಂಡವರನ್ನು ಅವನು ಕಂಡಿರಲಿಲ್ಲ. ಸದ್ಯಕ್ಕೆ ಕೆಲಸ ನಿಲ್ಲಿಸಿ ಎಂದ. ನಿಯಮ ತಿದ್ದುವ ಮಾತು ನಡೆದಿದೆ, ಊರಿನವರ ಸಭೆ ಕರೆಯುತ್ತಾರೆ, ಬಂದು ಹೇಳಿಕೊಳ್ಳಿ ಎಂದ. ಗಾರೆಯವನು ಕರಣಿ ತೊಳೆದುಕೊಂಡು ಹೋದ. ಅರ್ಧ ಎದ್ದ ಗೋಡೆಗಳ ನಡುವೆ ಕುಬ್ರಾ ಬೀಯ ಕೋಳಿಗಳು ಓಡಾಡಿಕೊಂಡವು. ಅರ್ಫಾತ್ ಮತ್ತೆ ಬಂದ. ಸಫೂರಾ ಮತ್ತೆ ಎದುರು ಮನೆಯ ಕಟ್ಟೆಗೆ ಹೋದಳು.

ಸಭೆ ನಡೆದದ್ದು ಪುರಸಭೆಯ ಮೇಲಿನ ಹಾಲಿನಲ್ಲಿ. ಯೋಜನಾ ವಿಭಾಗದಿಂದ ಸಂಗೀತ ಎಂಬ ಅಧಿಕಾರಿ ಬಂದಿದ್ದರು. ತಮ್ಮ ಮನೆ ಇರುವ ಸೈಟಿನಲ್ಲೇ ಮಾಲೀಕರು ಇನ್ನೊಂದು ಚಿಕ್ಕ ಮನೆ ಕಟ್ಟಿಕೊಳ್ಳಲು ಅವಕಾಶ ಕೊಡುವ ಕರಡನ್ನು ಅವರು ಓದಿ ಹೇಳಿದರು. ಹಿಂದೆ ಪಕ್ಕ ಇಷ್ಟು ಜಾಗ ಬಿಡಬೇಕು, ಚರಂಡಿಗೆ ಸೇರಿಸಬೇಕು, ಬಾಡಿಗೆಗೆ ಕೊಡಬಾರದು, ಮಾಲೀಕರ ಕುಟುಂಬದವರಿಗೆ ಮಾತ್ರ. ಗುಲಾಬ್ ಸಾಬರು ಕುಬ್ರಾ ಬೀಯ ಕಡೆ ತಿರುಗಿ ಕಣ್ಣಲ್ಲೇ ನಕ್ಕರು. ಸಫೂರಾ ಅತ್ತೆಯ ಪಕ್ಕ ಕೂತು ಮುಂದಿನ ಕುರ್ಚಿಯ ಬೆನ್ನಿನ ಹರಿದ ರೆಕ್ಸಿನ್ ನೋಡುತ್ತಿದ್ದಳು. ಎರಡು ಹೊಲಿಗೆ ಹಾಕಿದರೆ ಸರಿಹೋದೀತು.

ಮೊದಲು ಎದ್ದವರು ಹುಚ್ಚರಾಯಪ್ಪನವರು, ಲೈನ್‌ಮನ್ ಆಗಿ ನಿವೃತ್ತರಾದವರು. ದೂರು ಕೊಟ್ಟ ಪಕ್ಕದ ಮನೆಯವರು ಅವರೇ. ಗುಲಾಬ್ ಸಾಬರ ಜೊತೆ ಅವರಿಗೆ ವೈರವೇನಿಲ್ಲ, ಹಬ್ಬಕ್ಕೆ ಹೋಳಿಗೆ ಕಳಿಸುವವರು. "ನಮ್ಮ ಹಿಂದಿನ ಸಾಲಿನಾಗ ಒಬ್ಬರು ಹಿತ್ತಲ ತುಂಬ ರೂಮು ಕಟ್ಯಾರೆ. ಮಾಲೀಕ ದಾವಣಗೆರೆಯಾಗ ಅದಾನೆ. ಚರಂಡಿ ಕಟ್ಕಂಡ್ರೆ ಕೇಳೋಕೆ ಒಬ್ಬ ಮನುಷ್ಯ ಇಲ್ಲ. ಕುಟುಂಬ ಅಂತ ಬರೆಸಿ ಆಮೇಲೆ ಬಾಡಿಗೀಗೆ ಬಿಡ್ತಾರೆ. ನೋಡೋರ್ಯಾರು?" ಎಂದರು. ಹಾಲಿನಲ್ಲಿ ಬಹಳ ಜನ ತಲೆ ಆಡಿಸಿದರು.

ಗುಲಾಬ್ ಸಾಬರು ಎದ್ದು ತಮ್ಮ ಗೋಡೆಯ ಕಥೆ ಹೇಳಿದರು.

"ಯಾರಿಗೋಸ್ಕರ ಕಟ್ತಾ ಇದೀರಿ?" ಸಂಗೀತ ಕೇಳಿದರು.

"ನಮ್ಮ ಸೊಸೀಗೆ ಮೇಡಂ."

"ಹಾಗಾದ್ರೆ ಸರಿ. ಮಗ, ಸೊಸೆ ಕುಟುಂಬದಲ್ಲೇ ಬರ್ತಾರೆ."

ಹಿಂದಿನಿಂದ ಯಾರೋ ಅಂದರು: "ಸೊಸೆ ಎಲ್ಲೈತ್ರಿ? ಬಿಡುಗಡೆ ಆಗೈತಲ್ಲ."

ಕುಬ್ರಾ ಬೀಯ ಕೈ ಸಫೂರಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ನೋವಾಗುವಷ್ಟು ಬಿಗಿ. ಸಫೂರಾಳಿಗೆ ಹಿಡಿತ ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಸಂಗೀತ ಕರಡನ್ನು ಇನ್ನೊಮ್ಮೆ ಓದಿದರು. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಮಕ್ಕಳ ಗಂಡ ಹೆಂಡಿರು. "ಈಗಿರೋ ಮಾತಿನ ಪ್ರಕಾರ ಅವರು ಇದರಲ್ಲಿ ಬರೋದಿಲ್ಲ" ಎಂದರು. ತಪ್ಪು ತಮ್ಮದೇ ಎನ್ನುವಂತೆ ದನಿ ತಗ್ಗಿಸಿದರು. ಆಕ್ಷೇಪಣೆ, ಸಲಹೆ ಹೇಳಲು ಇನ್ನೊಂದು ಸಭೆ ಇದೆ ಎಂದೂ ಹೇಳಿದರು.

ಮೆಟ್ಟಿಲಿಳಿಯುವಾಗ ಲೋಕೇಶ ಹಿಂದೆಯೇ ಬಂದ. "ಸಾಬ್ರೆ, ಒಂದು ದಾರಿ ಐತೆ. ನಿಮ್ಮ ಮಗ ಕುಟುಂಬವೇ ತಾನೆ? ನಿಯಮ ಬಂದ ಕೂಡ್ಲೇ ಹಿಂದಿನ ಮನೆ ಅವನಿಗೆ ಅಂತ ತೋರಿಸ್ರಿ. ಈಗ್ಲೇ ಅವನೊಂದು ಸಹಿ ಹಾಕಿಟ್ಟಿರ್ಲಿ. ಒಳಗೆ ಯಾರಿರ್ತಾರೆ ಅಂತ ಆಮೇಲೆ ಯಾರೂ ಬಂದು ನೋಡಲ್ಲ."

ಮರುದಿನ ಅತ್ತೆ, ಸೊಸೆ ಸೊರಬದ ಬಸ್ಸು ಹತ್ತಿದರು. ಸಫೂರಾ ಬರುವುದು ಬೇಡವಾಗಿತ್ತು. ಆದರೆ ಗುಲಾಬ್ ಸಾಬರಿಗೆ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ, ಕುಬ್ರಾ ಬೀಗೆ ಬಸ್ಸಿನಲ್ಲಿ ತಲೆ ಸುತ್ತುತ್ತಿತ್ತು, ಜೊತೆಗೆ ಒಬ್ಬರು ಬೇಕಿತ್ತು. ತಾನು ಅಂಗಡಿಯ ಹೊರಗೇ ನಿಲ್ಲುತ್ತೇನೆಂದು ಸಫೂರಾ ಒಪ್ಪಿಕೊಂಡಳು. ಅತ್ತೆ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಸಫೂರಾ ಅವಳ ಕೈಗೆ ನಿಂಬೆಹಣ್ಣು ಕೊಟ್ಟು, ಹೊರಗೆ ಓಡುವ ಗದ್ದೆಗಳನ್ನು ನೋಡುತ್ತ ಕೂತಳು.

ಅಂಗಡಿಯಲ್ಲಿ ಈಗ ಹತ್ತಿಯ ಗಾದಿಗಿಂತ ಫೋಮಿನ ಹಾಸಿಗೆಗಳೇ ಹೆಚ್ಚು. ಪ್ಲಾಸ್ಟಿಕ್ಕು ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದವು. ಅರ್ಫಾತ್ ತಾಯಿಗೆ ಸ್ಟೂಲು ಹಾಕಿದ. ಸಫೂರಾ ಅಂಗಡಿಯ ಮೆಟ್ಟಿಲಿನ ಹೊರಗೆ, ನೆರಳಿದ್ದ ಕಡೆ ನಿಂತಳು. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಸಹಿ ತಾನೆ? ಹಾಕ್ತೀನಿ ಬಿಡಮ್ಮ. ಅದಕ್ಕೆ ಬಸ್ಸು ಹತ್ಕಂಡು ಬರಬೇಕಿತ್ತೇನು?" ಎಂದ ಅರ್ಫಾತ್. ಅವನ ದನಿಯಲ್ಲಿ ಹಗುರವಿತ್ತು. ಬಹಳ ದಿನದಿಂದ ಏನಾದರೂ ಕೊಡಬೇಕೆಂದಿದ್ದು, ಕೊಡುವುದಕ್ಕೆ ಕೊನೆಗೂ ಏನೋ ಸಿಕ್ಕಿದವನಂತೆ ಇದ್ದ.

ಪಕ್ಕದ ಮನೆಯಿಂದ ಜಾಸ್ಮಿನ್ ನೀರಿನ ತಂಬಿಗೆ ಹಿಡಿದು ಬಂದಳು. ಸಫೂರಾ ಅವಳನ್ನು ನೋಡಿದ್ದು ಅದೇ ಮೊದಲು. ಎಣ್ಣೆಗೆಂಪಿನ ದುಂಡು ಮುಖ, ಇನ್ನೂ ಚಿಕ್ಕ ಹುಡುಗಿ. ಸಿಟ್ಟು ಬರಬಹುದೆಂದು ಸಫೂರಾ ಕಾದಳು. ಬರಲಿಲ್ಲ. ಹುಡುಗಿಯ ದುಪಟ್ಟಾದ ಅಂಚು ಬಿಚ್ಚಿಹೋಗಿತ್ತು.

"ಹೊರಗೇ ಎಂತಕ್ಕೆ ನಿಂತಿದೀರಿ ಅಕ್ಕಾ, ನೀರು ತಗಳಿ" ಎಂದಳು ಜಾಸ್ಮಿನ್. ತಾನು ಯಾರಿಗೆ ನೀರು ಕೊಡುತ್ತಿದ್ದೇನೆಂದು ಆಮೇಲೆ ತಿಳಿದಿರಬೇಕು, ಕಿವಿ ಕೆಂಪಾಯಿತು. ಆದರೂ ತಂಬಿಗೆ ಹಿಂದೆ ತೆಗೆಯಲಿಲ್ಲ. ಸಫೂರಾ ನೀರು ಕುಡಿದಳು.

ಜಾಸ್ಮಿನ್ ಒಳಗೆ ಹೋಗಿ ವಿಷಯ ಕೇಳಿಸಿಕೊಂಡಳು. ಕಪಟವಿಲ್ಲದೆ ಗಂಡನನ್ನು ಕೇಳಿದಳು: "ನಿಮ್ಮ ಹೆಸರಲ್ಲಿ ಅಂದ್ರೆ ಆ ಮನೆ ನಮ್ದೇ ಆಯ್ತಲ್ದಾ? ರಂಜಾನಿಗೆ ಹೋದಾಗ ನಾವು ಅಲ್ಲೇ ಉಳ್ಕಬಹುದಲಾ."

ಅರ್ಫಾತ್ ಕೆಮ್ಮಿದ. ಕುಬ್ರಾ ಬೀ ಕಾಗದ ಇದ್ದ ಪ್ಲಾಸ್ಟಿಕ್ ಕವರನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಅದೆಲ್ಲ ಆಮ್ಯಾಲಿನ ಮಾತು. ಮೊದ್ಲು ಸಹಿ ಹಾಕು" ಎಂದಳು.

"ಬ್ಯಾಡ ಅತ್ತಿ" ಎಂದಳು ಸಫೂರಾ ಹೊರಗಿನಿಂದ.

ದನಿ ಏರಿಸಿರಲಿಲ್ಲ. ಬಿಡುಗಡೆಯಾದ ಮೇಲೆ ಅವಳು ಯಾವುದಕ್ಕೂ ಬೇಡವೆಂದದ್ದು ಅತ್ತೆಗೆ ನೆನಪಿರಲಿಲ್ಲ. ಮುದುಕಿ ಎದ್ದು ಮೆಟ್ಟಿಲ ಹತ್ತಿರ ಬಂದಳು.

"ಯಾಕೆ ಬ್ಯಾಡ?"

"ಬ್ಯಾಡ, ನಡೀರಿ. ಬಸ್ಸಿಗೆ ಹೊತ್ತಾತು."

ವಾಪಸು ಬರುವಾಗ ಕುಬ್ರಾ ಬೀಗೆ ತಲೆ ಸುತ್ತಲಿಲ್ಲ, ಸಿಟ್ಟು ಬಂದಿತ್ತು. "ಒಂದು ಗೀಟು ಎಳೆಸ್ಕಂಡು ಬಂದಿದ್ರೆ ನಿಯಮ ಬಂದ ಕೂಡ್ಲೇ ತಾರಸಿ ಆಗ್ತಿತ್ತು. ನಾ ಸತ್ತ ಮೇಲೂ ಆ ಬಸವಣ್ಣೆಮ್ಮನ ಕಟ್ಟಿ ಮ್ಯಾಲೆ ಕೂತಿರ್ತೀಯೇನು?" ಎಂದು ಶಿರಾಳಕೊಪ್ಪದವರೆಗೂ ಬೈದಳು. ಅವನ ಹೆಂಡತಿ ಎಂಬ ಹೆಸರಿನಿಂದ ಹೊರಬಿದ್ದು ಅವನ ಹೆಸರಿನ ಮನೆಗೇ ಹೋಗುವುದಾದರೆ ಕಟ್ಟೆಯೇ ವಾಸಿ. ಇದನ್ನು ಹೇಳಬೇಕೆಂದು ಸಫೂರಾ ಬಾಯಿ ತೆರೆದಳು. ಹೇಳುವಷ್ಟು ಕಸುವು ಬರಲಿಲ್ಲ. ಶಿರಾಳಕೊಪ್ಪ ದಾಟಿದ ಮೇಲೆ ಅತ್ತೆಗೆ ನಿದ್ದೆ ಹತ್ತಿತು, ತಲೆ ವಾಲಿ ಸೊಸೆಯ ಹೆಗಲ ಮೇಲೆ ಬಿತ್ತು. ಶಿಕಾರಿಪುರ ಬರುವವರೆಗೆ ಸಫೂರಾ ಹೆಗಲು ಅಲುಗಿಸಲಿಲ್ಲ.

ಎರಡನೆಯ ಸಭೆಗೆ ಜನ ಕಡಿಮೆ. ಗುಲಾಬ್ ಸಾಬರು ಹೋಗುವುದೇ ಬೇಡವೆಂದಿದ್ದರು. ಸಫೂರಾ ತಾನೇ ಚಪ್ಪಲಿ ಮೆಟ್ಟಿಕೊಂಡಳು. ಅವರು ಆಶ್ಚರ್ಯಪಟ್ಟು ಹಿಂದೆಯೇ ಬಂದರು. ಹುಚ್ಚರಾಯಪ್ಪನವರು ತಮ್ಮ ಚರಂಡಿಯ ಮಾತನ್ನೇ ಮತ್ತೆ ಹೇಳಿ ಕೂತರು. ಇನ್ಯಾರಾದರೂ ಇದ್ದಾರೆಯೇ ಎಂದು ಸಂಗೀತ ಕೇಳಿದಾಗ ಸಫೂರಾ ಎದ್ದಳು. ಎದ್ದದ್ದು ಅವಳಿಗೇ ತಡವಾಗಿ ಗೊತ್ತಾಯಿತು.

"ಹೇಳಿ, ಅಮ್ಮ."

"ನಾನು ಇವರ ಕುಟುಂಬ ಅಲ್ಲ ರೀ. ಆಗಿದ್ದೆ, ಈಗಲ್ಲ. ಇವರ ಮನ್ಯಾಗ ಇದೀನಿ, ಇವರ ಅಂಗಡಿ ಕೆಲ್ಸ ಮಾಡ್ತೀನಿ. ನಾನು ಇವರಿಗೆ ಏನಾಗ್ಬೇಕು ಅಂತ ನೀವು ಎಷ್ಟು ಬರದ್ರೂ ಅದ್ರಾಗ ನಾ ಸಿಗಲ್ಲ." ಅವಳು ಹುಚ್ಚರಾಯಪ್ಪನವರ ಕಡೆ ತಿರುಗಿದಳು. "ಹುಚ್ಚರಾಯಪ್ಪನೋರು ಹೇಳಿದ್ದು ಸರಿ ಐತಿ. ಅವರಿಗೆ ಬೇಕಾಗಿದ್ದು ಕೇಳೋಕೆ ಒಬ್ಬ ಮನುಷ್ಯ. ಹಂಗಾದ್ರೆ ಮಾಲೀಕರು ಅದೇ ಸೈಟಿನಾಗ ಇರಬೇಕು ಅಂತ ಬರೀರಿ. ಅವರು ಕಣ್ಣೆದುರು ಇದ್ರೆ, ಹಿತ್ತಲ ಮನ್ಯಾಗ ಯಾರನ್ನ ಇಟ್ಕಂತಾರೆ ಅನ್ನೋದು ಅವರಿಗೆ ಬಿಟ್ಟಿದ್ದು. ಅಣ್ಣ ಇರ್ಲಿ, ಅನಾಥರಿರ್ಲಿ, ನನ್ನಂಥೋರಿರ್ಲಿ. ಅಷ್ಟೇ ರೀ."

ಕೂತಳು. ಸಂಗೀತ ಬರೆದುಕೊಳ್ಳುತ್ತಿದ್ದರು. ಹುಚ್ಚರಾಯಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾಲೀಕ ಅಲ್ಲೇ ಇರ್ತಾನೆ ಅಂದ್ರೆ ನನ್ದೇನೂ ಇಲ್ಲ ಮೇಡಂ. ಈ ಸಾಬ್ರಂತೂ ದಿನಾ ಬೆಳಿಗ್ಗೆ ಎದ್ರೆ ಕಾಣ್ತಾರೆ" ಎಂದರು. ಒಂದಿಬ್ಬರು ನಕ್ಕರು. ಗುಲಾಬ್ ಸಾಬರು ನಗಲಿಲ್ಲ. 'ಇವರ ಕುಟುಂಬ ಅಲ್ಲ' ಎಂದಳಲ್ಲ, ಆ ಮಾತು ಅವರಿಗೆ ನಾಟಿತ್ತು. ಮನೆಯ ಗೇಟು ತೆಗೆಯುವಾಗ ಹೇಳಿದರು: "ನೀ ಹೇಳಿದ್ದು ಕಾನೂನಿಗೆ ಸರಿ ಇರಬಹುದವ್ವ. ನಮ್ಮೆದ್ರಿಗೆ ಹಂಗನ್ನಬ್ಯಾಡ."

"ಇಲ್ಲ ಮಾವ" ಎಂದಳು ಸಫೂರಾ.

ನಿಯಮ ಬರಲು ಮಳೆಗಾಲ ಕಳೆಯಿತು. ಅರ್ಧಗೋಡೆಗಳ ಮೇಲೆ ಪಾಚಿ ಕಟ್ಟಿತು. ಕೊನೆಗೊಂದು ದಿನ ಲೋಕೇಶ ತಾನೇ ಬಂದು ಸುದ್ದಿ ಹೇಳಿದ. ಕುಟುಂಬದ ಪಟ್ಟಿ ಹೋಗಿತ್ತು. ಮಾಲೀಕರು ಅದೇ ಸೈಟಿನಲ್ಲಿ ವಾಸವಾಗಿರಬೇಕು ಎಂಬ ಮಾತು ಬಂದಿತ್ತು. ಸಫೂರಾ ಹೇಳಿದ್ದರಿಂದಲೇ ಆಯಿತೋ, ಬೇರೆ ಊರುಗಳಲ್ಲೂ ಯಾರಾದರೂ ಅದನ್ನೇ ಹೇಳಿದ್ದರೋ, ಅವನಿಗೂ ಗೊತ್ತಿರಲಿಲ್ಲ. ಹಿಂದಿನ ಗೋಡೆಯನ್ನು ಮಾತ್ರ ಒಂದಿಷ್ಟು ಒಳಕ್ಕೆ ತೆಗೆದುಕೊಳ್ಳಬೇಕಿತ್ತು, ಅದರಿಂದ ಬಚ್ಚಲು ಚಿಕ್ಕದಾಯಿತು. ಗಾರೆಯವನು ಮತ್ತೆ ಬಂದ. ತಾರಸಿ ಬಿತ್ತು. ಓಣಿಯ ಕಡೆ ನೀಲಿ ಬಣ್ಣದ ಬಾಗಿಲು ಕೂತಿತು.

ಬಕ್ರೀದಿಗೆ ಅರ್ಫಾತ್, ಜಾಸ್ಮಿನ್ ಬಂದರು. ಸಫೂರಾ ಬಸವಣ್ಣೆಮ್ಮನ ಕಟ್ಟೆಗೆ ಹೋಗಲಿಲ್ಲ. ತನ್ನ ಬಾಗಿಲು ಮುಂದೆ ಮಾಡಿಕೊಂಡು ಗ್ಯಾಸು ಹಚ್ಚಿ ಅನ್ನಕ್ಕಿಟ್ಟಳು. ಅತ್ತ ದೊಡ್ಡ ಮನೆಯಿಂದ ಮಾತು, ಪಾತ್ರೆಯ ಸದ್ದು, ಜಾಸ್ಮಿನ್‌ಳ ನಗು ಕೇಳಿಸುತ್ತಿದ್ದವು. ಏನಾದರೂ ಅನ್ನಿಸೀತು ಎಂದು ಅವಳು ಒಂದು ಕ್ಷಣ ಒಲೆಯ ಮುಂದೆ ನಿಂತು ನೋಡಿದಳು. ಹೆಚ್ಚೇನೂ ಅನ್ನಿಸಲಿಲ್ಲ. ಅನ್ನ ಉಕ್ಕಿತು, ಮುಚ್ಚಳ ಓರೆ ಮಾಡಿದಳು. ಹೊಸ ಸುಣ್ಣದ ವಾಸನೆಗೆ ಕಣ್ಣು ಸ್ವಲ್ಪ ಉರಿಯುತ್ತಿತ್ತು.

ಮಧ್ಯಾಹ್ನ ಬೈಕಿನ ಸದ್ದು ದೂರವಾದ ಮೇಲೆ ಯಾರೋ ಬಾಗಿಲು ಬಡಿದರು. ತೆಗೆದರೆ ಕುಬ್ರಾ ಬೀ, ಕೈಯಲ್ಲಿ ಮುಚ್ಚಿದ ತಟ್ಟೆ. ತನ್ನದೇ ಹಿತ್ತಲಿನಲ್ಲಿ, ತಾನೇ ಕಟ್ಟಿಸಿದ ಮನೆಯ ಹೊಸ್ತಿಲಾಚೆ ನಿಂತು, ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು.

"ಒಳಗೆ ಬರ್ಲೇನವ್ವ?"

ಒಳಗೆ ಬರಲೇ ಎಂದು ಸಫೂರಾಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಕೈ ಬಾಗಿಲ ಚಿಲಕದ ಮೇಲೇ ಇತ್ತು. ಮುದುಕಿ ಅವಸರ ಮಾಡಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕಾಯುತ್ತ ನಿಂತಳು.

"ಬರ್ರಿ ಅತ್ತಿ" ಎಂದು ಸಫೂರಾ ಪಕ್ಕಕ್ಕೆ ಸರಿದಳು. "ಅನ್ನ ಈಗಷ್ಟೇ ಇಳಿಸೀನಿ. ನೋಡಿಕೊಂಡು ಬರ್ರಿ, ಹೊಸ್ತಿಲು ಸ್ವಲ್ಪ ಎತ್ತರ ಆಗೈತಿ."